ಊರ ಭಾರ ಹೊತ್ತವರು: ಪುರಸಭೆಯ ಅಧ್ಯಕ್ಷಪದವಿ ಮತ್ತು ಲೋಕಸೇವೆಯ ಹಾದಿ

ಬೈಲಹೊಂಗಲ, ಚನ್ನಮ್ಮನ ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕೂ ತಾಲೂಕುಗಳು ಇಂದು ಬೈಲಹೊಂಗಲ ಉಪವಿಭಾಗದಲ್ಲಿ ಒಂದಾಗಿ ಸೇರಿವೆ. ಈ ಊರುಗಳಲ್ಲಿ ಪುರಸಭೆಗೋ ಪಟ್ಟಣ ಪಂಚಾಯಿತಿಗೋ ಹೊಸ ಅಧ್ಯಕ್ಷರು ಆಯ್ಕೆಯಾದ ದಿನ ಪಟಾಕಿ ಸಿಡಿಯುತ್ತದೆ, ಗುಲಾಲು ಹಾರುತ್ತದೆ, ಹಾರ ಹೊತ್ತ ಮೆರವಣಿಗೆ ಮಠದ ಬಾಗಿಲಿಗೂ ಬರುತ್ತದೆ. ಆಶೀರ್ವಾದ ಬೇಡಿ ಬಂದವರ ಹಿಂದೆಯೇ ಓಣಿಯ ಮಂದಿ ನಿಂತಿರುತ್ತಾರೆ. ಅವರ ಮಾತು ಒಂದೇ: ನೀರು ಯಾವಾಗ ಬಿಡುತ್ತೀರಿ? ಆ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಅಧ್ಯಕ್ಷರಿಗೆ ಎಷ್ಟಿದೆ, ಎಷ್ಟಿಲ್ಲ ಎಂಬುದನ್ನು ಕೇಳಿದವರೂ ಅರಿಯರು, ಅನೇಕ ವೇಳೆ ಹಾರ ಹಾಕಿಸಿಕೊಂಡವರೂ ಅರಿಯರು. ಆದ್ದರಿಂದ ಈ ಪದವಿ ಎಲ್ಲಿಂದ ಬಂದಿತು, ಇದನ್ನು ಹೊತ್ತವರ ಬದುಕು ಎಂಥದು, ನಮ್ಮ ಸಮಾಜದ ಹಿರಿಯರು ಇದನ್ನು ಹೇಗೆ ನಡೆಸಿದರು ಎಂಬುದನ್ನು ಭಕ್ತರ ಮುಂದಿಡಲು ನಾವು ಬಯಸಿದ್ದೇವೆ.

ಮೊದಲು ಹೆಸರಿನ ವಿಷಯ. ಜನರು ಪ್ರೀತಿಯಿಂದ ಊರಿನ ಮೇಯರ್ ಎಂದು ಕರೆಯುವುದುಂಟು. ಆದರೆ ಕಾಯ್ದೆಯ ಪ್ರಕಾರ ಮೇಯರ್ ಅಥವಾ ಮಹಾಪೌರ ಎಂಬ ಪದವಿ ಮಹಾನಗರ ಪಾಲಿಕೆಗೆ ಮಾತ್ರ ಸಲ್ಲುತ್ತದೆ. ನಮ್ಮ ಜಿಲ್ಲೆಯಲ್ಲಿ ಅದು ಬೆಳಗಾವಿಗೆ ಮಾತ್ರ ಇದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ಇರುವುದು ಪುರಸಭೆ. ಕಿತ್ತೂರಿನಲ್ಲಿ ಪಟ್ಟಣ ಪಂಚಾಯಿತಿ. ಎರಡಕ್ಕೂ ಅಧ್ಯಕ್ಷರು, ಉಪಾಧ್ಯಕ್ಷರು ಇರುತ್ತಾರೆ. ಹೆಸರು ಚಿಕ್ಕದಾದರೂ ಹೊಣೆ ಚಿಕ್ಕದಲ್ಲ. ಮಹಾನಗರದ ಮೇಯರರನ್ನು ಓಣಿಯ ಮುದುಕಿಯೊಬ್ಬಳು ಬೆಳಗಿನ ಆರು ಗಂಟೆಗೆ ಬಾಗಿಲು ಬಡಿದು ಎಬ್ಬಿಸಲಾರಳು. ಪುರಸಭೆಯ ಅಧ್ಯಕ್ಷರನ್ನು ಎಬ್ಬಿಸಬಲ್ಲಳು, ಎಬ್ಬಿಸುತ್ತಾಳೆ ಕೂಡ.

ದೇಸಗತಿಯಿಂದ ಸಭೆಯವರೆಗೆ

ಈ ನಾಡು ಒಂದೇ ಬಗೆಯ ಆಡಳಿತವನ್ನು ಕಂಡದ್ದಲ್ಲ. ಸವದತ್ತಿ ಒಂದು ಕಾಲಕ್ಕೆ ರಟ್ಟರ ಸುಗಂಧವರ್ತಿ. ಬಳಿಕ ಸಿರಸಂಗಿಯ ದೇಸಾಯಿ ಮನೆತನದ ಪ್ರಭಾವ ಆ ಸೀಮೆಯಲ್ಲಿ ಹಬ್ಬಿತು. ಕಿತ್ತೂರು ದೇಸಾಯರ ಸಂಸ್ಥಾನವು 1824ರ ಅಕ್ಟೋಬರ 23ರಂದು ಥ್ಯಾಕರೆಯ ಸೈನ್ಯವನ್ನು ಎದುರಿಸಿ ಗೆದ್ದು, ಅದೇ ವರ್ಷದ ಕೊನೆಯಲ್ಲಿ ಸೋತಿತು. ರಾಣಿ ಚನ್ನಮ್ಮನವರು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ಲಿಂಗೈಕ್ಯರಾದರು. ಅವರ ಸಮಾಧಿ ಆ ಊರಿನಲ್ಲಿಯೇ ಇದೆ. ರಾಮದುರ್ಗವು ಭಾವೆ ಮನೆತನದ ಸಂಸ್ಥಾನವಾಗಿ 1948ರವರೆಗೆ ಉಳಿಯಿತು. ಅಲ್ಲಿಯ ಪ್ರಜೆಗಳಿಗೆ ತಮ್ಮ ಊರಿನ ತೆರಿಗೆಯ ಬಗ್ಗೆ ಮಾತನಾಡುವ ಹಕ್ಕು ಸುಲಭವಾಗಿ ದೊರೆಯಲಿಲ್ಲ. ಪ್ರಜಾಸಂಘದ ಚಳವಳಿ ಬೆಳೆದು, 1939ರ ಏಪ್ರಿಲ್‌ನಲ್ಲಿ ರಕ್ತಪಾತದಲ್ಲಿ ಮುಗಿದ ರಾಮದುರ್ಗದ ದುರಂತವನ್ನು ಹಿರಿಯರು ಇಂದಿಗೂ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಊರಿನ ವ್ಯವಹಾರದಲ್ಲಿ ಊರವರ ಮಾತು ನಡೆಯಬೇಕೆಂಬ ಹಂಬಲಕ್ಕೆ ಈ ನೆಲದಲ್ಲಿ ಬೆಲೆ ತೆರಲಾಗಿದೆ ಎಂಬುದನ್ನು ಈಗಿನ ಸದಸ್ಯರು ತಿಳಿದಿರುವುದು ಒಳಿತು.

ಬ್ರಿಟಿಷ್ ಮುಂಬಯಿ ಪ್ರಾಂತದ ಭಾಗವಾಗಿದ್ದ ಊರುಗಳಲ್ಲಿ ಮುನಸಿಪಾಲಿಟಿ ಎಂಬುದು 1850ರ ಕಾಯ್ದೆಯಿಂದ ಮೊದಲಾಯಿತು. ಆಗ ಅದು ಕಲೆಕ್ಟರರ ಕಚೇರಿಯ ಬಾಲದಂತೆ ಇತ್ತು. ಬೀದಿ ಗುಡಿಸುವುದು, ಕಂದೀಲು ಹಚ್ಚುವುದು, ಅದಕ್ಕಾಗಿ ಕರ ಎತ್ತುವುದು, ಇಷ್ಟೇ ಅದರ ಕೆಲಸ. 1882ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಲಾರ್ಡ್ ರಿಪನ್ನರು ಸ್ಥಳೀಯ ಸ್ವಯಮಾಡಳಿತದ ಬಗ್ಗೆ ಹೊರಡಿಸಿದ ಗೊತ್ತುವಳಿಯು ದಿಕ್ಕನ್ನು ಬದಲಿಸಿತು. ಊರಿನವರು ತಮ್ಮ ಊರನ್ನು ನಡೆಸುವುದರಿಂದಲೇ ರಾಜ್ಯ ನಡೆಸುವುದನ್ನು ಕಲಿಯುತ್ತಾರೆ ಎಂಬುದು ಅದರ ಆಶಯ. 1884ರಲ್ಲಿ ಮುಂಬಯಿ ಪ್ರಾಂತದಲ್ಲಿ ಮುನಸಿಪಾಲಿಟಿಗಳಿಗೂ ಲೋಕಲ್ ಬೋರ್ಡುಗಳಿಗೂ ಹೊಸ ಕಾಯ್ದೆಗಳಾದವು. ಸದಸ್ಯರಲ್ಲಿ ಒಂದು ಪಾಲನ್ನು ಚುನಾವಣೆಯಿಂದ ತುಂಬತೊಡಗಿದರು. ಮತವಿದ್ದುದು ಕರ ಕಟ್ಟುವ ಕೆಲವೇ ಜನರಿಗೆ, ಕುರ್ಚಿಯಲ್ಲಿ ಕುಳಿತವರು ಬಹುಪಾಲು ಅಧಿಕಾರಿಗಳೇ. ಆದರೂ ವಕೀಲರು, ವ್ಯಾಪಾರಿಗಳು, ವತನದಾರರು ಮೊದಲ ಬಾರಿಗೆ ಒಂದೇ ಮೇಜಿನ ಸುತ್ತ ಕುಳಿತು ಊರಿನ ಗಟಾರದ ಬಗ್ಗೆ ವಾದಿಸಿದರು. ಗಟಾರದ ಬಗೆಗಿನ ವಾದವನ್ನು ಕೀಳೆಂದು ಬಗೆಯಬಾರದು. ನಮ್ಮ ನಾಡಿನ ಪ್ರಜಾಪ್ರಭುತ್ವದ ಅಕ್ಷರಾಭ್ಯಾಸ ಅಲ್ಲಿಯೇ ನಡೆಯಿತು.

ಸಿರಸಂಗಿಯ ವಾಡೆಯಿಂದ

ಲೋಕಸೇವೆಯ ಮಾತು ಬಂದಾಗ ಸವದತ್ತಿ ತಾಲೂಕಿನವರು ಮೊದಲು ನೆನೆಯಬೇಕಾದ ಹೆಸರು ಸಿರಸಂಗಿಯ ಲಿಂಗರಾಜ ದೇಸಾಯಿಯವರದು. ಅವರು ಯಾವ ಪುರಸಭೆಯ ಅಧ್ಯಕ್ಷರೆಂದು ಪ್ರಸಿದ್ಧರಾದವರಲ್ಲ. ಆದರೂ ಅವರನ್ನು ಬಿಟ್ಟು ಈ ಭಾಗದ ಸಾರ್ವಜನಿಕ ಜೀವನವನ್ನು ವಿವರಿಸಲಾಗದು.

1861ರ ಜನವರಿ 10ರಂದು ಶಿಗ್ಲಿಯಲ್ಲಿ ಜನಿಸಿದ ಬಾಲಕ ರಾಮಪ್ಪನು ದತ್ತುಪುತ್ರನಾಗಿ ನವಲಗುಂದ-ಸಿರಸಂಗಿ ದೇಸಗತಿಗೆ ಬಂದು ಲಿಂಗರಾಜನಾದನು. ದೇಸಗತಿಯೆಂದರೆ ಹೊಲ, ವಾಡೆ, ಆಳುಕಾಳು, ಜೊತೆಗೆ ಮುಗಿಯದ ವ್ಯಾಜ್ಯಗಳು. ಆ ಕಾಲದ ದೇಸಾಯರಲ್ಲಿ ಅನೇಕರು ಸಾಲ ಮಾಡಿ, ದರಬಾರು ನಡೆಸಿ, ಆಸ್ತಿ ಕರಗಿಸಿದರು. ಲಿಂಗರಾಜರು ಬೇರೆ ಹಾದಿ ಹಿಡಿದರು. ಧಾರವಾಡದಲ್ಲಿ 1883ರಲ್ಲಿ ಹುಟ್ಟಿಕೊಂಡ ಲಿಂಗಾಯತ ವಿದ್ಯಾಭಿವೃದ್ಧಿಯ ಕಾರ್ಯಕ್ಕೆ ಸರಕಾರಿ ಹುದ್ದೆಯಲ್ಲಿದ್ದ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದವರು ದುಡಿಯುತ್ತಿದ್ದರು. ಹಳ್ಳಿಯ ಮಕ್ಕಳು ಓದಿನಲ್ಲಿ ಹಿಂದುಳಿದರೆ ಕಚೇರಿಯಲ್ಲಿಯೂ ಸಭೆಯಲ್ಲಿಯೂ ಅವರ ಪರವಾಗಿ ಮಾತನಾಡುವವರು ಇರುವುದಿಲ್ಲ ಎಂಬುದು ಆ ಹಿರಿಯರ ಕಳವಳವಾಗಿತ್ತು. ಹಾನಗಲ್ಲ ಕುಮಾರ ಶಿವಯೋಗಿಗಳ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಕೂಡಿದಾಗ ಅಧ್ಯಕ್ಷಪೀಠಕ್ಕೆ ಕರೆದದ್ದು ಲಿಂಗರಾಜರನ್ನೇ.

ಅವರಿಗೆ ಸಂತಾನ ಉಳಿಯಲಿಲ್ಲ. ಇನ್ನೊಬ್ಬ ಹುಡುಗನನ್ನು ದತ್ತು ತೆಗೆದುಕೊಂಡು ದೇಸಗತಿಯನ್ನು ಮುಂದುವರಿಸುವುದು ಮನೆತನದ ರೂಢಿ. ಸ್ವತಃ ದತ್ತಕರಾಗಿ ಬಂದ ಅವರು ಹಾಗೆ ಮಾಡದೆ, ತಮ್ಮ ಆಸ್ತಿಯು ಸಮಾಜದ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಸಲ್ಲತಕ್ಕದ್ದೆಂದು ಮೃತ್ಯುಪತ್ರ ಬರೆದಿಟ್ಟು 1906ರ ಆಗಸ್ಟ್ 23ರಂದು ಲಿಂಗೈಕ್ಯರಾದರು. ಬರೆದಷ್ಟು ಸುಲಭವಾಗಿ ಅದು ನೆರವೇರಲಿಲ್ಲ. ಆಸ್ತಿಯ ಮೇಲೆ ದಾವೆಗಳಾದವು, ವ್ಯಾಜ್ಯವು ಲಂಡನ್ನಿನ ಪ್ರೀವಿ ಕೌನ್ಸಿಲ್ಲಿನವರೆಗೆ ಏರಿತು. ಕೊನೆಗೆ ನವಲಗುಂದ-ಸಿರಸಂಗಿ ಟ್ರಸ್ಟು ನೆಲೆನಿಂತು ವಿದ್ಯಾರ್ಥಿಗಳಿಗೆ ನೆರವು ನೀಡತೊಡಗಿತು. 1916ರ ನವೆಂಬರ 13ರಂದು ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1933ರಲ್ಲಿ ತೆರೆದ ತನ್ನ ಮೊದಲ ಕಾಲೇಜಿಗೆ ಲಿಂಗರಾಜರ ಹೆಸರಿಟ್ಟಿತು. ಬೆಳಗಾವಿಯ ಗಿಲಗಂಚಿ-ಅರಟಾಳ ಹೈಸ್ಕೂಲಿನಲ್ಲಿ ಓದಿದವರು ಜಿ.ಎ. ಹೈಸ್ಕೂಲೆಂದೇ ಹೇಳುವುದು ವಾಡಿಕೆಯಾಗಿ, ಆ ಎರಡು ಅಕ್ಷರಗಳ ಹಿಂದೆ ಇಬ್ಬರು ಹಿರಿಯರ ಹೆಸರುಗಳಿವೆ ಎಂಬುದು ಬಹುಮಟ್ಟಿಗೆ ಮರೆತುಹೋಗಿದೆ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಹಿಂದಿನ ಕಾಲದ ದೊಡ್ಡವರು ದಾನದಿಂದ ಊರು ಕಟ್ಟಿದರು. ದಾನಕ್ಕೆ ದಾನಿಯ ಮನಸ್ಸು ಸಾಕು. ಪುರಸಭೆಯ ಅಧ್ಯಕ್ಷರು ಕಟ್ಟಬೇಕಾದದ್ದು ಪರರ ಹಣದಿಂದ, ಕಟ್ಟಿದವರ ಎದುರಿಗೆ ಲೆಕ್ಕವಿಟ್ಟು. ದಾಸೋಹದಲ್ಲಿ ನೀಡುವವನು ತನ್ನದಲ್ಲವೆಂದು ತಿಳಿದು ನೀಡಬೇಕೆಂದು ಶರಣರು ಹೇಳಿದರು. ಪುರಸಭೆಯಲ್ಲಿ ಅದು ಭಾವನೆಯ ಮಾತಾಗಿರದೆ ಕಾಯ್ದೆಯ ಮಾತೇ ಆಗಿದೆ. ಅಲ್ಲಿಯ ಹಣ ನಿಜವಾಗಿಯೂ ತನ್ನದಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿ ಕಲ್ಯಾಣದ ಖಜಾನೆಯನ್ನು ಕಾಯ್ದವರು. ಭಂಡಾರದ ಹಣ ದಾಸೋಹಕ್ಕೆ ಹೋಯಿತೆಂಬ ಆಪಾದನೆ ಅವರ ಮೇಲೆ ಬಂದು, ಲೆಕ್ಕ ನೋಡಿದಾಗ ಒಂದು ಕಾಸೂ ಕಡಿಮೆಯಿರಲಿಲ್ಲವೆಂಬ ಕಥೆಯನ್ನು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಅದನ್ನು ಪವಾಡವೆಂದು ಕೇಳುವವರು ಕೇಳಲಿ. ಲೆಕ್ಕಪತ್ರದ ಕಥೆಯೆಂದು ಕೇಳಿದರೂ ಅದರ ಮಹತ್ವ ಕುಂದದು.

ವಿಜಾಪುರದ ಮುನಸಿಪಾಲಿಟಿಯಲ್ಲಿ ಒಬ್ಬ ವಕೀಲರು

ನೆರೆಯ ವಿಜಾಪುರದಲ್ಲಿ ಈ ಎರಡೂ ಹಾದಿಗಳನ್ನು ಒಬ್ಬರೇ ನಡೆದು ತೋರಿಸಿದರು. ಅವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ವಚನ ಪಿತಾಮಹರೆಂದು ಅವರನ್ನು ಬಲ್ಲವರು ಬಹಳ. ಮುನಸಿಪಾಲಿಟಿಯ ಹಳಕಟ್ಟಿಯವರನ್ನು ಬಲ್ಲವರು ಕಡಿಮೆ.

1880ರ ಜುಲೈ 2ರಂದು ಧಾರವಾಡದಲ್ಲಿ ಶಿಕ್ಷಕರ ಮನೆಯಲ್ಲಿ ಹುಟ್ಟಿದರು. ಮೂರು ವರ್ಷದವರಿರುವಾಗಲೇ ತಾಯಿಯನ್ನು ಕಳೆದುಕೊಂಡರು. ಮುಂಬಯಿಯಲ್ಲಿ ಪದವಿ ಪಡೆದು 1904ರಲ್ಲಿ ಕಾನೂನು ಪರೀಕ್ಷೆ ಮುಗಿಸಿದರು. ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ನಡೆಸಿ, ವಿಜಾಪುರಕ್ಕೆ ಹೋಗಿ ನೆಲೆಸಿದರು. ವಿಜಾಪುರವು ಆಗ ಬರದ ಜಿಲ್ಲೆಯ ಕೇಂದ್ರ. ಆದಿಲಶಾಹಿ ಕಾಲದಲ್ಲಿ ತೊರವಿಯಿಂದಲೂ ಬೇಗಮ್ ತಲಾಬಿನಿಂದಲೂ ನೆಲದಡಿಯ ಕಾಲುವೆಗಳ ಮೂಲಕ ನೀರು ತಂದು, ಗಂಜುಗಳೆಂಬ ಗೋಪುರಗಳ ಮೂಲಕ ಓಣಿ ಓಣಿಗೆ ಹಂಚಿದ ನಗರವದು. ರಾಜ್ಯ ಅಳಿದ ಮೇಲೆ ಆ ಏರ್ಪಾಡು ಹಾಳಾಗಿ, ಗೋಲಗುಮ್ಮಟದ ನೆರಳಿನಲ್ಲಿಯೇ ಜನ ಕೊಡ ಹಿಡಿದು ನಿಲ್ಲಬೇಕಾಯಿತು. ಕಟ್ಟಿದವರು ಎಷ್ಟೇ ದೊಡ್ಡವರಾಗಲಿ, ವರ್ಷವರ್ಷವೂ ಹೂಳೆತ್ತುವವರಿಲ್ಲದಿದ್ದರೆ ನೀರು ನಿಲ್ಲುತ್ತದೆ. ಇದು ಮುನಸಿಪಾಲಿಟಿ ಏಕೆ ಬೇಕು ಎಂಬ ಪ್ರಶ್ನೆಗೆ ವಿಜಾಪುರವೇ ಕೊಡುವ ಉತ್ತರ.

ಹಳಕಟ್ಟಿಯವರು ನಗರಾಡಳಿತದಲ್ಲಿ ದುಡಿದ ಕಾಲದ ನೆನಪು ಭೂತನಾಳ ಕೆರೆಯೊಡನೆ ಸೇರಿಕೊಂಡಿದೆ. ನಗರಕ್ಕೆ ನೀರುಣಿಸಿದ ಆ ಕೆರೆಯ ಹಿಂದೆ ಅವರ ಪರಿಶ್ರಮವಿತ್ತೆಂದು ಅಲ್ಲಿಯ ಜನ ಇಂದಿಗೂ ನೆನೆಯುತ್ತಾರೆ. 1910ರಲ್ಲಿ ವಿಜಾಪುರದಲ್ಲಿ ಲಿಂಗಾಯತ ಶಿಕ್ಷಣ ಸಂಸ್ಥೆಯ ಸ್ಥಾಪನೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, 1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿಗೆ ಆಯ್ಕೆ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ, 1926ರಲ್ಲಿ ಶಿವಾನುಭವ ಪತ್ರಿಕೆ ಮತ್ತು ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಈ ವರ್ಷಗಳನ್ನು ಸಾಲಾಗಿ ನೋಡಿದವರಿಗೆ, ಒಂದೇ ದೇಹದಲ್ಲಿ ಎಷ್ಟು ಜನರಿದ್ದರು ಎಂದು ಅನಿಸದಿರದು. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಹರಿದ ಕೋಟು ತೊಟ್ಟು, ಸೈಕಲ್ಲು ತುಳಿದು ತಿರುಗಿದರು. ಬ್ಯಾಂಕು ಕಟ್ಟಿದವರು ಬಾಡಿಗೆ ಮನೆಯಲ್ಲಿ ಉಳಿದರು.

ನಮಗೆ ತೋರುವುದೇನೆಂದರೆ, ಅವರ ವಚನ ಸಂಶೋಧನೆಯನ್ನೂ ನೀರಿನ ಕೆಲಸವನ್ನೂ ಬೇರೆ ಬೇರೆ ಎಂದು ನೋಡುವುದು ಸರಿಯಲ್ಲ. ತಾಡವೋಲೆಯ ಕಟ್ಟುಗಳನ್ನು ಮನೆಮನೆಗೆ ಹೋಗಿ ಹುಡುಕಿ, ಅಕ್ಷರ ಅಕ್ಷರ ಕೂಡಿಸಿ, ಪಾಠ ಒಪ್ಪಮಾಡಿದ ತಾಳ್ಮೆಯೇ ನಗರಸಭೆಯ ಕಡತದಲ್ಲಿಯೂ ಬೇಕಾದದ್ದು. ಭಾಷಣದಿಂದ ಕೆರೆ ತುಂಬುವುದಿಲ್ಲ. ಅಂದಾಜುಪಟ್ಟಿ, ಮಂಜೂರಾತಿ, ಟೆಂಡರು, ಮೇಲ್ವಿಚಾರಣೆ, ಬಿಲ್ಲು, ಮತ್ತೆ ತಪಾಸಣೆ. ಇದು ಬೇಸರದ ಕೆಲಸ. ಆ ಬೇಸರವನ್ನು ವರ್ಷಗಟ್ಟಲೆ ಸಹಿಸಿದವರಿಂದಲೇ ಊರುಗಳು ಉಳಿದಿವೆ.

ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರೂ ಇದೇ ಪೀಳಿಗೆಯವರು. ವಕೀಲರಾಗಿ, ಹುಬ್ಬಳ್ಳಿ ಮುನಸಿಪಾಲಿಟಿಯ ಅಧ್ಯಕ್ಷರಾಗಿ, ಅನಂತರ ಮುಂಬಯಿ ಸರಕಾರದ ಮಂತ್ರಿಗಳಾಗಿ ಸರ್ ಪದವಿಯವರೆಗೆ ಏರಿದರು. ಊರಿನ ಸಭೆಯಿಂದ ಪ್ರಾಂತದ ಸಭೆಗೆ ಹೋಗುವ ಆ ಮೆಟ್ಟಿಲು ಅಂದು ಗಟ್ಟಿಯಾಗಿತ್ತು. ಇಂದು ಅದು ಅಷ್ಟು ಗಟ್ಟಿಯಿಲ್ಲವೆಂಬುದು ನಮ್ಮ ಅಭಿಪ್ರಾಯ.

ಇಂದಿನ ಕುರ್ಚಿಯ ಬಲ ಮತ್ತು ಮಿತಿ

1956ರಲ್ಲಿ ಏಕೀಕರಣವಾದ ಮೇಲೆ ಮುಂಬಯಿ ಭಾಗ, ಹೈದರಾಬಾದ ಭಾಗ, ಮೈಸೂರು ಭಾಗಗಳ ಬೇರೆ ಬೇರೆ ಕಾಯ್ದೆಗಳನ್ನು ಒಂದುಗೂಡಿಸಿ 1964ರಲ್ಲಿ ಪೌರಸಭೆಗಳ ಕಾಯ್ದೆಯಾಯಿತು. ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಿಂದ ಜಾರಿಗೆ ಬಂದು, ಐದು ವರ್ಷಕ್ಕೊಮ್ಮೆ ಚುನಾವಣೆ, ಪರಿಶಿಷ್ಟರಿಗೂ ಮಹಿಳೆಯರಿಗೂ ಮೀಸಲಾತಿ, ರಾಜ್ಯ ಹಣಕಾಸು ಆಯೋಗ ಇವುಗಳಿಗೆ ಸಂವಿಧಾನದ ಆಸರೆ ದೊರೆಯಿತು.

ಮತದಾರರು ಆರಿಸುವುದು ತಮ್ಮ ವಾರ್ಡಿನ ಸದಸ್ಯರನ್ನು ಮಾತ್ರ. ಅಧ್ಯಕ್ಷರನ್ನು ಆರಿಸುವವರು ಸದಸ್ಯರು. ಆ ಆಯ್ಕೆಯಲ್ಲಿ ಕ್ಷೇತ್ರದ ಶಾಸಕರಿಗೂ ಲೋಕಸಭಾ ಸದಸ್ಯರಿಗೂ ಮತವಿದೆ. ಸರಕಾರ ನಾಮಕರಣ ಮಾಡಿದ ಸದಸ್ಯರಿಗೆ ಮತವಿಲ್ಲ. ಅವಧಿ ಮೂವತ್ತು ತಿಂಗಳು, ಅಂದರೆ ಎರಡೂವರೆ ವರ್ಷ. ಯಾವ ವರ್ಗಕ್ಕೆ ಪದವಿ ಮೀಸಲು ಎಂಬುದನ್ನು ಸರಕಾರ ಸರದಿಯ ಮೇಲೆ ಪ್ರಕಟಿಸುತ್ತದೆ. ಆದ್ದರಿಂದ ಎರಡೂವರೆ ವರ್ಷದಲ್ಲಿ ಕೆಲಸ ಕಲಿತವರು, ಕಲಿತು ಮುಗಿಸುವಷ್ಟರಲ್ಲಿ ಕುರ್ಚಿ ಬಿಡುತ್ತಾರೆ. ಸರದಿಯಿಂದ, ಹಿಂದೆಂದೂ ಆ ಕೋಣೆಯ ಒಳಗೆ ಕಾಲಿಡಲು ಸಾಧ್ಯವಾಗದಿದ್ದ ಮನೆಗಳ ಮಕ್ಕಳು ಅಲ್ಲಿ ಕುಳಿತರು. ಅನುಭವ ಮಂಟಪದ ಪರಂಪರೆಯವರಾದ ನಾವು ಇದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಅವಧಿ ಇಷ್ಟು ಚಿಕ್ಕದಾಗಿರಬೇಕೆ ಎಂಬುದು ಬೇರೆ ಪ್ರಶ್ನೆ. ಅದನ್ನು ಕೇಳುವುದು ಮೀಸಲಾತಿಯನ್ನು ವಿರೋಧಿಸಿದಂತಲ್ಲ.

ಇನ್ನು ಅಧಿಕಾರ. ಅಧ್ಯಕ್ಷರು ಸಭೆ ಕರೆಯುತ್ತಾರೆ, ಸಭೆ ನಡೆಸುತ್ತಾರೆ, ಆಡಳಿತದ ಮೇಲೆ ಕಣ್ಣಿಡುತ್ತಾರೆ. ಕಡತ ನಡೆಸುವವರು, ಹಣ ಪಾವತಿ ಮಾಡುವವರು, ನೌಕರರನ್ನು ದುಡಿಸುವವರು ಮುಖ್ಯಾಧಿಕಾರಿಗಳು. ಅವರನ್ನು ನೇಮಿಸುವುದು, ವರ್ಗ ಮಾಡುವುದು ರಾಜ್ಯ ಸರಕಾರ. ಅಧ್ಯಕ್ಷರಿಗೂ ಮುಖ್ಯಾಧಿಕಾರಿಗೂ ಹೊಂದಿಕೆಯಾದರೆ ಊರಿಗೆ ಬೆಳಕು. ಇಬ್ಬರೂ ಮುನಿಸಿಕೊಂಡರೆ ಕಡತ ಮೇಜಿನಿಂದ ಮೇಜಿಗೆ ತೀರ್ಥಯಾತ್ರೆ ಹೊರಡುತ್ತದೆ. ಇದಲ್ಲದೆ ದೊಡ್ಡ ನೀರಿನ ಯೋಜನೆ, ಒಳಚರಂಡಿ ಮುಂತಾದವು ನೀರು ಸರಬರಾಜು ಮಂಡಳಿಯ ಕೈಯಲ್ಲಿ, ಕರೆಂಟು ಹೆಸ್ಕಾಂ ಕೈಯಲ್ಲಿ, ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯ ಕೈಯಲ್ಲಿ. ಬೈಗುಳ ಮಾತ್ರ ಅಧ್ಯಕ್ಷರಿಗೆ.

ಅವರ ದಿನವನ್ನು ನೋಡಿದವರಿಗೆ ಇದು ತಿಳಿದೀತು. ನಸುಕಿನಲ್ಲಿ ನೀರು ಬಿಡುವವನ ಫೋನು: ಮೋಟಾರು ಸುಟ್ಟಿದೆ. ಅದರ ಹಿಂದೆ ಪೈಪು ಒಡೆದ ಸುದ್ದಿ. ಕಸದ ಗಾಡಿ ಬಂದಿಲ್ಲವೆಂಬ ದೂರು. ಹತ್ತು ಗಂಟೆಗೆ ಕಚೇರಿಯಲ್ಲಿ ಖಾತೆ ಬದಲಾವಣೆಗೆ ಅಲೆಯುವವರು, ಮನೆ ಕಟ್ಟುವ ಪರವಾನಿಗೆ ಕೇಳುವವರು, ಬಿಲ್ಲು ಬಾರದ ಗುತ್ತಿಗೆದಾರರು, ಮಳಿಗೆಯ ಹರಾಜು ಮುಂದೂಡಿರೆಂದು ಬೇಡುವ ಅಂಗಡಿಕಾರರು. ಮಧ್ಯಾಹ್ನ ತಾಲೂಕು ಕಚೇರಿಯಲ್ಲಿ ಸಭೆ. ಸಂಜೆ ಎರಡು ಮದುವೆ, ಒಂದು ಸಾವಿನ ಮನೆ. ಸಾವಿನ ಮನೆಯಲ್ಲಿಯೂ ಒಬ್ಬರು ಕಿವಿಯ ಬಳಿ ಬಾಗಿ ಸ್ಮಶಾನದ ದಾರಿಗೆ ದೀಪವಿಲ್ಲವೆಂದು ಹೇಳುತ್ತಾರೆ. ಅವರು ಹೇಳುವುದು ನಿಜವೇ ಆಗಿರುತ್ತದೆ.

ಒಂದೊಂದು ಊರಿಗೆ ಒಂದೊಂದು ಹೊರೆ. ಸವದತ್ತಿಯ ಮಗ್ಗುಲಲ್ಲಿಯೇ ನವಿಲುತೀರ್ಥದ ಆಣೆಕಟ್ಟು, ರೇಣುಕಾಸಾಗರದ ನೀರು. ಆದರೆ ಊರಿನ ಮೇಲೆ ಏರುವ ಹೊರೆ ಯಲ್ಲಮ್ಮನ ಗುಡ್ಡದ ಯಾತ್ರೆಯದು. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಲಕ್ಷಾಂತರ ಜನ ಬರುತ್ತಾರೆ. ಸರಕಾರದ ಅನುದಾನವು ಮುಖ್ಯವಾಗಿ ಊರಲ್ಲಿ ನೆಲೆಸಿದವರ ಸಂಖ್ಯೆ ನೋಡಿ ಬರುತ್ತದೆ, ಬಂದುಹೋಗುವವರ ಸಂಖ್ಯೆ ನೋಡಿ ಬರುವುದಿಲ್ಲ. ಯಾತ್ರಿಕರು ಬಿಟ್ಟುಹೋದ ಕಸವನ್ನು ಎತ್ತುವ ಪೌರಕಾರ್ಮಿಕರ ಬೆನ್ನು ಆ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಗುಡ್ಡಕ್ಕೆ ಹೋಗುವ ನಮ್ಮ ಭಕ್ತರು ಇದನ್ನು ನೆನಪಿಡಬೇಕು. ರಾಮದುರ್ಗಕ್ಕೆ ಅದೇ ಮಲಪ್ರಭೆ ಒಮ್ಮೆ ತಾಯಿ, ಒಮ್ಮೆ ಮಾರಿ. 2019ರ ಆಗಸ್ಟ್‌ನಲ್ಲಿ ಹೊಳೆ ಊರೊಳಗೆ ನುಗ್ಗಿದಾಗ ಓಣಿಗಳು ಮುಳುಗಿದವು. ನೀರು ಇಳಿದ ಮೇಲೆ ಮನೆಮನೆಯ ಕೆಸರು ಎತ್ತಿಸುವುದು, ಕುಡಿಯುವ ನೀರಿಗೆ ಔಷಧ ಹಾಕಿಸುವುದು, ಚರಂಡಿ ಬಿಡಿಸುವುದು, ಇವೆಲ್ಲ ಪುರಸಭೆಯ ಕೆಲಸ.

ಮಹಿಳೆಯರ ಮಾತನ್ನು ಹೇಳದೆ ಮುಂದೆ ಹೋಗಲಾಗದು. ಸಂವಿಧಾನವು ಮೂರನೆಯ ಒಂದು ಪಾಲನ್ನು ಕಡ್ಡಾಯ ಮಾಡಿತು. ಕರ್ನಾಟಕವು ಅದನ್ನು ಅರ್ಧಕ್ಕೆ ಏರಿಸಿತು. ಕಿತ್ತೂರು ಚನ್ನಮ್ಮನವರ ನಾಡಿನಲ್ಲಿ ಅಧ್ಯಕ್ಷಪದವಿಯಲ್ಲಿ ಮಹಿಳೆಯರು ಕುಳಿತಿರುವುದು ಈಗ ಸಹಜವಾಗಿದೆ. ಆದರೆ ಎಷ್ಟೋ ಊರುಗಳಲ್ಲಿ ಫಲಕದ ಮೇಲೆ ಹೆಂಡತಿಯ ಹೆಸರು, ಕುರ್ಚಿಯಲ್ಲಿ ಗಂಡ. ಮಠಕ್ಕೆ ಬಂದಾಗಲೂ ಅಧ್ಯಕ್ಷೆಯವರು ಹಿಂದೆ ನಿಂತು, ಅವರ ಮನೆಯವರು ಮುಂದೆ ಬಂದು ಊರಿನ ಸಮಸ್ಯೆ ಹೇಳುವುದನ್ನು ನಾವು ಕಂಡಿದ್ದೇವೆ. ಅಂಥ ಸಂದರ್ಭದಲ್ಲಿ ಅಧ್ಯಕ್ಷೆಯವರನ್ನೇ ಕರೆದು ಮಾತನಾಡಿಸುವುದು ಹಿರಿಯರಾದವರ ಕರ್ತವ್ಯ. ಅವರು ಮಾತನಾಡಿದಾಗ, ಯಾವ ಬೋರಿನಲ್ಲಿ ನೀರು ಎಷ್ಟಿದೆ, ಯಾವ ಓಣಿಗೆ ಎಷ್ಟು ದಿನಕ್ಕೊಮ್ಮೆ ನಳ ಬರುತ್ತದೆ ಎಂಬುದು ಅವರಿಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ. ಕೊಡ ಹೊತ್ತವರಿಗೆ ನೀರಿನ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ.

ಬರಿದಾದ ಕುರ್ಚಿ

ಈಚಿನ ವರ್ಷಗಳಲ್ಲಿ ಕಂಡ ಒಂದು ಸಂಗತಿ ನಮಗೆ ಬಹಳ ಚಿಂತೆ ತಂದಿದೆ. 2018ರ ಆಗಸ್ಟ್ ಕೊನೆಯಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಲ್ಲಿ ಮತದಾನವಾಯಿತು. ಸದಸ್ಯರು ಆಯ್ಕೆಯಾದರು. ಆದರೆ ಅಧ್ಯಕ್ಷ-ಉಪಾಧ್ಯಕ್ಷರ ಮೀಸಲಾತಿ ಪಟ್ಟಿಯು ನ್ಯಾಯಾಲಯದ ಮೆಟ್ಟಿಲೇರಿ, 2020ರವರೆಗೆ ಅನೇಕ ಊರುಗಳಲ್ಲಿ ಅಧ್ಯಕ್ಷರೇ ಇರಲಿಲ್ಲ. ಮೊದಲ ಅವಧಿ ಮುಗಿದ ಮೇಲೆ, 2023ರಿಂದ 2024ರವರೆಗೆ ಮತ್ತೆ ಅದೇ ಕಥೆ. ಆ ಕಾಲದಲ್ಲೆಲ್ಲ ಆಡಳಿತಾಧಿಕಾರಿಗಳಾಗಿ ಉಪವಿಭಾಗಾಧಿಕಾರಿಗಳೋ ತಹಶೀಲ್ದಾರರೋ ಕೆಲಸ ನೋಡಿಕೊಂಡರು. ಅವರಲ್ಲಿ ದಕ್ಷರೂ ಇದ್ದರು. ಆದರೆ ಗೆದ್ದ ಸದಸ್ಯರು ಜನರಿಗೆ ಮುಖ ತೋರಿಸಲಾಗದೆ, ಕೈಯಲ್ಲಿ ಅಧಿಕಾರವಿಲ್ಲದೆ, ಬೈಸಿಕೊಳ್ಳುವುದಕ್ಕಷ್ಟೇ ಉಳಿದರು. ರಿಪನ್ನರ ಕಾಲದಲ್ಲಿ ಕಲೆಕ್ಟರರು ಕುರ್ಚಿಯಲ್ಲಿದ್ದರು, ಊರಿನವರು ಬಾಗಿಲ ಹೊರಗಿದ್ದರು. ನೂರಾ ನಲವತ್ತು ವರ್ಷ ನಡೆದು ನಾವು ಅದೇ ಬಾಗಿಲಿಗೆ ಬಂದು ನಿಂತಂತಾಯಿತು. ಜನರು ಇದರ ಬಗ್ಗೆ ಹೆಚ್ಚು ಕೂಗಲಿಲ್ಲವೆಂಬುದು ನಮ್ಮ ನೋವನ್ನು ಇನ್ನಷ್ಟು ಹೆಚ್ಚಿಸಿದೆ. ಕುರ್ಚಿ ಬರಿದಾದದ್ದು ಊರಿಗೆ ತಿಳಿಯಲೇ ಇಲ್ಲವೆಂದರೆ, ಕುರ್ಚಿಯಲ್ಲಿ ಕುಳಿತವರು ಮೊದಲು ಏನು ಮಾಡುತ್ತಿದ್ದರು ಎಂಬ ಪ್ರಶ್ನೆಯೂ ಏಳುತ್ತದೆ.

ಭಕ್ತರ ಪಾಲಿನ ಮಾತೂ ಇದೆ. ಪುರಸಭೆಯ ಸ್ವಂತ ಆದಾಯವೆಂದರೆ ಮನೆಕರ, ನೀರಿನ ಕರ, ಮಳಿಗೆಗಳ ಬಾಡಿಗೆ, ಸಂತೆಯ ಕರ, ಪರವಾನಿಗೆ ಶುಲ್ಕ. ಆಸ್ತಿಯ ಅಳತೆಯನ್ನು ಮಾಲೀಕರೇ ಘೋಷಿಸಿ ಕರ ಕಟ್ಟುವ ಪದ್ಧತಿ ಈಗಿರುವುದು. ಏಪ್ರಿಲ್ ತಿಂಗಳಲ್ಲಿ ಕಟ್ಟಿದವರಿಗೆ ನೂರಕ್ಕೆ 5ರ ರಿಯಾಯಿತಿಯೂ ಉಂಟು. ಮೂರಂತಸ್ತು ಕಟ್ಟಿ ಒಂದಂತಸ್ತು ತೋರಿಸುವವರು ಕಾಯ್ದೆಗೆ ಮಾತ್ರ ತಪ್ಪುವುದಿಲ್ಲ. ಸತ್ಯಶುದ್ಧ ಕಾಯಕದ ಮಾತನ್ನು ಬಾಯಲ್ಲಿ ಆಡಿ ಮನೆಕರದ ನಮೂನೆಯಲ್ಲಿ ಸುಳ್ಳು ಬರೆದರೆ, ಆ ಎರಡೂ ಕೈ ಒಂದೇ ದೇಹದ್ದು. ಕರ ಬಾಕಿ ಉಳಿದಷ್ಟೂ ಪುರಸಭೆಯು ಬೆಂಗಳೂರಿನ ಅನುದಾನದ ದಾರಿ ಕಾಯುತ್ತದೆ. ಅನುದಾನ ತರುವವರ ಮುಂದೆ ಅಧ್ಯಕ್ಷರು ತಲೆಬಾಗಿ ನಿಲ್ಲುತ್ತಾರೆ.

ಪುರಸಭೆಯ ಸಾಮಾನ್ಯ ಸಭೆಗೆ ಸಾರ್ವಜನಿಕರು ಹೋಗಿ ಕುಳಿತು ಕೇಳಬಹುದು. ಆಯವ್ಯಯ ಸಿದ್ಧಪಡಿಸುವ ಮೊದಲು ಊರವರ ಸಲಹೆ ಕೇಳಲು ಪೂರ್ವಭಾವಿ ಸಭೆ ಕರೆಯುವ ರೂಢಿಯೂ ಇದೆ. ಸಾಮಾನ್ಯವಾಗಿ ಚಳಿಗಾಲದಲ್ಲಿ ಅದು ನಡೆಯುತ್ತದೆ, ಪತ್ರಿಕೆಯ ಮೂಲೆಯಲ್ಲಿ ಪ್ರಕಟಣೆ ಬರುತ್ತದೆ. ಹಾರ ಹಾಕುವ ದಿನ ಬೀದಿ ತುಂಬ ಜನ. ಆ ಸಭೆಯ ದಿನ ಮುಖ್ಯಾಧಿಕಾರಿ, ಕೆಲವು ಸದಸ್ಯರು, ಒಬ್ಬಿಬ್ಬರು ಪತ್ರಕರ್ತರು, ಪ್ರತಿವರ್ಷವೂ ತಪ್ಪದೆ ಬಂದು ತಮ್ಮ ಓಣಿಯ ಚರಂಡಿಯ ಮಾತೆತ್ತುವ ಒಬ್ಬ ನಿವೃತ್ತ ಮಾಸ್ತರರು. ಈ ಸಲದ ಪ್ರಕಟಣೆ ಹೊರಟೊಡನೆ ನಾಲ್ಕೂ ಊರುಗಳ ದಿ‌ನಾಂಕಗಳನ್ನು ಈ ತಾಣದಲ್ಲಿ ಪ್ರಕಟಿಸಲಿದ್ದೇವೆ.